ಕಾಕಾ ರಜೆ ಹಾಕಿದಾಗ ಬಂದ ಫೋನ್‌ಗಳು

ಪುಣೆ ಹತ್ತಿರ ಭೋಸರಿಯಲ್ಲಿ ನಮ್ಮದು ಪ್ರೆಷರ್ ಡೈ ಕಾಸ್ಟಿಂಗ್ ಫ್ಯಾಕ್ಟರಿ, ಅಂದರೆ ಕರಗಿದ ಅಲ್ಯೂಮಿನಿಯಂ ಅನ್ನು ಒತ್ತಡದಲ್ಲಿ ಡೈಗೆ (ಅಚ್ಚಿಗೆ) ತುಂಬಿ ಪಾರ್ಟ್ ಮಾಡೋದು. ನಾನು ಅಲ್ಲಿ ಎಚ್‌ಆರ್. ಶಾಪ್‌ನ ಹಳೆ ಆಪರೇಟರ್‌ಗಳಲ್ಲಿ (ಎಲ್ಲರೂ ಇವರನ್ನು ಕಾಕಾ ಅಂತಾರೆ) ಅರ್ಧ ಜನ ವಿಜಯಪುರ, ಕಲಬುರಗಿ ಕಡೆಯವರು. ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಸೇರಿದವರು, 58 ತುಂಬಿ ಸಾಲಾಗಿ ಹೊರಡುವವರೂ ಹೌದು. ಇವರ ಕೆಲಸದ ತಿಳಿವಳಿಕೆ ಫ್ಯಾಕ್ಟರಿಯಲ್ಲೇ ಉಳಿಸಿಕೊಳ್ಳೋಕೆ ನಾನು ಹೇಳಿದ ದಾರಿ ಕೇಳಿ ಪ್ಲಾಂಟ್ ಹೆಡ್ ನಕ್ಕಿದ್ದರು. ಈಗ ಚಾಕಣದ ಪ್ಲಾಂಟ್‌ನವರೂ ಅದನ್ನೇ ಮಾಡ್ತಿದ್ದಾರೆ.

ಗುಣಮಟ್ಟ ನಿರ್ವಹಣೆಯ ಮಾನದಂಡ ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ 7.1.6 ಅಂತ ಒಂದು ಕಲಂ ಇದೆಯಲ್ಲ, ಸಂಸ್ಥೆಯ ತಿಳಿವಳಿಕೆ ಕಾಪಾಡಿಕೊಳ್ಳಿ ಅಂತ. ಆಡಿಟರ್ ಕೇಳಿದರೆ ಎಲ್ಲರೂ ಸ್ಕಿಲ್ ಮ್ಯಾಟ್ರಿಕ್ಸ್ (ಯಾರಿಗೆ ಯಾವ ಕೆಲಸ ಬರುತ್ತೆ ಅನ್ನೋ ಪಟ್ಟಿ) ತೋರಿಸ್ತೀವಿ, ಎಸ್‌ಒಪಿ (ಕೆಲಸ ಮಾಡುವ ಕ್ರಮ ಬರೆದಿಟ್ಟದ್ದು) ಫೈಲ್ ತೋರಿಸ್ತೀವಿ. ಆಡಿಟ್ ಪಾಸ್. ರಿಜೆಕ್ಷನ್, ಅಂದರೆ ಕೆಟ್ಟು ತಿರಸ್ಕಾರವಾಗೋ ಮಾಲು, ಮಾತ್ರ ಇದ್ದಲ್ಲೇ ಇರುತ್ತೆ. ಎಕ್ಸಿಟ್ ಇಂಟರ್‌ವ್ಯೂ ಅಂತೂ ಸುಮ್ನೆ. ಗ್ರಾಚ್ಯುಟಿ ಎಷ್ಟು ಬರುತ್ತೆ ಅಂತ ಕೇಳೋಕೆ ಬಂದವರು ಮೆಷಿನ್ ಕಥೆ ಯಾಕೆ ಹೇಳ್ತಾರೆ? ವಿಡಿಯೊ ಮಾಡಿಸಿದೆವು, ಅರವತ್ತೋ ಎಪ್ಪತ್ತೋ ಸಾವಿರ ಹೋಯ್ತು. ಯಾರೂ ನೋಡಲಿಲ್ಲ. ರಿಟೈರ್ ಆದವರನ್ನೇ ದಿನಗೂಲಿ ಮೇಲೆ ಕರೆಸಿದ್ದು ಇನ್ನೂ ಕೆಟ್ಟದ್ದಾಯ್ತು. ಹುಡುಗರು ಕೈ ಕಟ್ಟಿ ನಿಂತರು, ಕಾಕಾ ಇದ್ದಾರಲ್ಲ ಅಂತ.

ಆಮೇಲೆ ಮಾಡಿದ್ದು ಇಷ್ಟು. ರಿಟೈರ್‌ಮೆಂಟ್‌ಗೆ ಒಂದೂವರೆ ವರ್ಷ ಇರುವಾಗಲೇ ಕಾಕಾ ಜೊತೆ ಒಬ್ಬ ಪರ್ಮನೆಂಟ್ ಹುಡುಗನನ್ನು ಹಾಕಿದೆ. ಅಪ್ರೆಂಟಿಸ್ ಬೇಡ. ಸರ್ಕಾರ ಸ್ಟೈಪೆಂಡ್‌ನಲ್ಲಿ ಪಾಲು ಕೊಡುತ್ತೆ ನಿಜ, ಆದರೆ ವರ್ಷ ಮುಗೀತಿದ್ದಂಗೆ ಅವನು ಬೇರೆ ಕಡೆ. ನಾಲ್ಕು ತಿಂಗಳಿಗೊಮ್ಮೆ ಕಾಕಾನನ್ನು ಒಂದು ವಾರ ಸಂಬಳ ಸಹಿತ ರಜೆ ಮೇಲೆ ಊರಿಗೆ ಕಳಿಸೋದು. ಸಹಾಯ ಬೇಕಾದರೆ ಹುಡುಗ ಸೂಪರ್‌ವೈಸರ್ ಫೋನ್‌ನಿಂದಲೇ ಕೇಳಬೇಕು, ಕೇಳಿದ್ದನ್ನು ರಿಜಿಸ್ಟರ್‌ನಲ್ಲಿ ಬರೀಬೇಕು. ಎಸ್‌ಒಪಿಯಲ್ಲಿ ಇಲ್ಲದ್ದು ಯಾವುದು ಅನ್ನೋದಕ್ಕೆ ಆ ರಿಜಿಸ್ಟರ್‌ಗಿಂತ ಒಳ್ಳೆ ಪಟ್ಟಿ ನನಗೆ ಸಿಕ್ಕಿಲ್ಲ.

ಒಂದು ಫೋನ್ ಹೇಳ್ತೀನಿ. ಪಾರ್ಟ್‌ನಲ್ಲಿ ಪೊರಾಸಿಟಿ, ಅಂದರೆ ಒಳಗೆ ಸಣ್ಣ ಸಣ್ಣ ತೂತು. ಹುಡುಗ ಪ್ರೆಷರ್ ಏರಿಸಿದ್ದ, ಸ್ಪೀಡ್ ಬದಲಿಸಿದ್ದ, ಒಂದು ಟ್ರಾಲಿ ಮಾಲು ಸ್ಕ್ರ್ಯಾಪ್. ಕಾಕಾ ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಹೊಲದಲ್ಲಿದ್ದರು. "ಮೀಟರ್ ಬಿಡೋ ತಮ್ಮಾ, ಬಿಸ್ಕಿಟ್ ನೋಡು. ತೆಳ್ಳಗ ಆಗೈತೇನು? ಸೌಟಿಗೆ ಮೆಟಲ್ ಹತ್ತಿಕೊಂಡಿರತೈತಿ, ಕೆರದು ತಗಿ." ಅಷ್ಟೇ. ಸೌಟಿನಲ್ಲಿ ಹೆಪ್ಪುಗಟ್ಟಿದ್ದಕ್ಕೆ ಅಲ್ಯೂಮಿನಿಯಂ ಕಡಿಮೆ ಬೀಳ್ತಿತ್ತು. ಬಿಸ್ಕಿಟ್ ಅಂದರೆ ಲೋಹ ತಳ್ಳುವ ಸಿಲಿಂಡರ್‌ನ ತುದಿಯಲ್ಲಿ ಉಳಿದು ಗಟ್ಟಿಯಾಗೋ ಬಿಲ್ಲೆ. ಅದು ತೆಳ್ಳಗಾದರೆ ಕೊನೆಯ ಒತ್ತಡ ಪಾರ್ಟ್‌ವರೆಗೆ ಹೋಗಲ್ಲ. ಇಂಥದ್ದೇ ಇನ್ನೊಂದು ಶುಕ್ರವಾರ ಬೆಳಗಿನದು. ಗುರುವಾರ ಇಲ್ಲಿ ವಾರದ ರಜೆ, ಡೈ ಪೂರ್ತಿ ತಣ್ಣಗಾಗಿರುತ್ತೆ, ಕೋಲ್ಡ್ ಶಟ್ (ಲೋಹ ಬೇಗ ತಣ್ಣಗಾಗಿ ಸರಿಯಾಗಿ ಬೆಸೆಯದೆ ಬೀಳೋ ಗೆರೆ) ಗ್ಯಾರಂಟಿ. ಕಾಕಾ ಮೊದಲ ಎಷ್ಟು ಶಾಟ್ (ಒಂದು ಸಲ ಲೋಹ ತುಂಬಿ ತೆಗೆಯೋದು) ಬಿಟ್ಟು ಪಾರ್ಟ್ ಎತ್ತಿಕೊಳ್ತಾರೆ, ಸ್ಪ್ರೇ ಯಾವಾಗ ಶುರು ಮಾಡ್ತಾರೆ ಅನ್ನೋದೂ ಫೋನ್‌ನಲ್ಲೇ ಹೊರಗೆ ಬಂತು. ಆ ಲೆಕ್ಕ ಇಲ್ಲಿ ಬರೆಯಲ್ಲ, ನಮ್ಮ ಪಕ್ಕದ ಗಲ್ಲಿಯವರೂ ಇದನ್ನು ಓದ್ತಾರೆ.

ಈಗ ದುಡ್ಡು. ಕಲಿಸುವವರಿಗೆ ತಿಂಗಳಿಗೆ ಎರಡು ಸಾವಿರದ ಹತ್ತಿರ ಭತ್ಯೆ. ಅರ್ಧ ಕೈಗೆ, ಅರ್ಧ ನಮ್ಮಲ್ಲೇ. ರಜೆಯ ವಾರದಲ್ಲಿ ಒಂದೂ ಫೋನ್ ಬರದೆ ರಿಜೆಕ್ಷನ್ ಮಿತಿಯೊಳಗೆ ಇದ್ದರೆ ಉಳಿದದ್ದು ಒಟ್ಟಿಗೆ. ಗುಟ್ಟು ಬಿಟ್ಟುಕೊಡದವರೂ ಆಗ ತಾವಾಗೇ ಹುಡುಗನ ಹಿಂದೆ ಬಿದ್ದರು. ಅಕೌಂಟ್ಸ್‌ನವರು ರಜೆಯ ಸಂಬಳ ದಂಡ ಅಂದರು. ಒಂದು ತಿಂಗಳ ಸ್ಕ್ರ್ಯಾಪ್ ಬಿಲ್ ಮುಂದಿಟ್ಟೆ, ಸುಮ್ಮನಾದರು. ರಿಜೆಕ್ಷನ್ ಒಂಬತ್ತು ಪರ್ಸೆಂಟ್ ಆಸುಪಾಸಿನಿಂದ ಐದಕ್ಕೆ ಇಳಿದಿದೆ. ಪೂರ್ತಿ ಇದರಿಂದಲೇ ಅಂತ ಹೇಳಲ್ಲ, ನಡುವೆ ಹೊಸ ಫರ್ನೇಸೂ ಬಂತು.

ಹುಡುಗನನ್ನು ಆರಿಸೋದು ಹೇಗೆ ಅಂತ ಕೇಳ್ತಾರೆ. ಅದು ನನ್ನ ಹತ್ತಿರವೇ ಇರಲಿ. ಐಟಿಐ ಮಾರ್ಕ್ಸ್ ನೋಡಲ್ಲ ಅಂತ ಮಾತ್ರ ಹೇಳಬಲ್ಲೆ.

ಇದನ್ನೇ ಡಿಸ್ಪ್ಯಾಚ್‌ನಲ್ಲೂ ಮಾಡಿ ನೋಡಿದೆ. ಬಂದ ಫೋನೆಲ್ಲ ಲಾರಿ ಡ್ರೈವರ್ ನಂಬರ್ ಕೇಳೋಕೆ! ಒಂದು ಡೈರಿ ಕೊಂಡುಕೊಟ್ಟೆ, ಮುಗೀತು. ಟೂಲ್‌ರೂಂ ಕಷ್ಟ. ಒಂದು ಡೈ ರಿಪೇರಿಗೇ ಮೂರು ವಾರ ಹಿಡಿಯುತ್ತೆ, ವಾರದ ರಜೆಯಲ್ಲಿ ಏನೂ ಗೊತ್ತಾಗಲ್ಲ. ತಿಂಗಳ ರಜೆ ಕೊಡಿ ಅಂತ ಕೇಳಿದ್ದೇನೆ. ಪ್ಲಾಂಟ್ ಹೆಡ್ ಈ ಸಲ ನಗಲಿಲ್ಲ, ಆದರೆ ಸಹಿಯೂ ಹಾಕಿಲ್ಲ.