ಸೊಸೆಯ ಮನೆತನದ ಹೆಸರು ಹಿಡಿದು ಹೋದದ್ದು

ನನ್ನ ಸೊಸೆ ಟ್ರಾಂಬ್ಲೆ ಮನೆತನದವಳು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಜನರಿಗೆ ಇರುವ ಹೆಸರು ಇದೇ. ಅಲ್ಲಿನ ಅಂಕಿಅಂಶ ಸಂಸ್ಥೆಯ 2006ರ ಲೆಕ್ಕದಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. ಮೊಮ್ಮಗನಿಗೆ ಅಮ್ಮನ ಕಡೆಯ ವಂಶಾವಳಿ ಬರೆದುಕೊಡೋಣ ಅಂತ ನಾನು ಕೂತೆ. ನಿವೃತ್ತಿಯಾದ ಮೇಲೆ ಫ್ರೆಂಚ್ ಕಲಿತಿದ್ದೆ, ಅದು ಕೆಲಸಕ್ಕೆ ಬಂತು.

ಹೆಸರಿನ ಅರ್ಥ ಗೊತ್ತಾಗೋದು ಸುಲಭ. ಟ್ರಾಂಬ್ಲ್ ಅಂದರೆ ಸಣ್ಣ ಗಾಳಿಗೂ ನಮ್ಮ ಅರಳಿ ಎಲೆಯ ಹಾಗೆ ನಡುಗುವ ಎಲೆಗಳ ಒಂದು ಮರ. ಆ ಮರಗಳ ತೋಪಿದ್ದ ಜಾಗಗಳಿಗೆ ಟ್ರಾಂಬ್ಲೆ ಅನ್ನುವ ಹೆಸರು ಬಂತು. ಫ್ರಾನ್ಸಿನಲ್ಲಿ ಇಂಥ ಊರುಗಳು ಒಂದೆರಡಲ್ಲ. ಪ್ಯಾರಿಸ್ ಪಕ್ಕ ಒಂದು, ಬ್ರಿಟನಿಯಲ್ಲಿ ಒಂದು, ಆಂಜೂ ಕಡೆ ಇನ್ನೊಂದು. ಪ್ರತಿ ಊರಿನಿಂದಲೂ ಬೇರೆ ಬೇರೆ ಕುಟುಂಬ ಆ ಹೆಸರು ಹೊತ್ತು ಹೊರಟಿರಬಹುದು. ಹಾಗಾಗಿ ಫ್ರಾನ್ಸಿನಲ್ಲಿ ಇಬ್ಬರು ಟ್ರಾಂಬ್ಲೆಗಳು ಸಿಕ್ಕರೆ ಅವರು ಸಂಬಂಧಿಕರು ಅಂತ ಹೇಳುವ ಹಾಗಿಲ್ಲ. ಕ್ವಿಬೆಕ್‌ನಲ್ಲಿ ಕಥೆ ಉಲ್ಟಾ. ಅಲ್ಲಿನ ಟ್ರಾಂಬ್ಲೆಗಳೆಲ್ಲ ಒಂದೇ ಜೋಡಿಯ ಸಂತಾನ. ಹೆಸರಿನ ಮೂಲ ಬೇರೆ, ಮನೆತನದ ಮೂಲ ಬೇರೆ. ನಾನು ಹುಡುಕಿದ್ದು ಎರಡನೆಯದನ್ನು.

ಅದಕ್ಕೆ ಹಿಡಿಯಬೇಕಾದ ದಾರ ಮದುವೆ ದಾಖಲೆ. ಕ್ವಿಬೆಕ್‌ನ ಕ್ಯಾಥೊಲಿಕ್ ಚರ್ಚುಗಳ ಮದುವೆ ಪುಸ್ತಕದಲ್ಲಿ ಸಾಮಾನ್ಯವಾಗಿ ಗಂಡು ಹೆಣ್ಣು ಇಬ್ಬರ ತಂದೆ ತಾಯಿಯರ ಹೆಸರೂ ಇರುತ್ತದೆ. ಹೆಂಗಸರನ್ನು ತವರಿನ ಹೆಸರಿನಲ್ಲೇ ಬರೆಯುತ್ತಾರೆ. ಇದು ಎಷ್ಟು ದೊಡ್ಡ ಅನುಕೂಲ ಅಂತ ಬೇರೆ ದೇಶದ ದಾಖಲೆ ನೋಡಿದವರಿಗೇ ಗೊತ್ತು. ಒಂದು ಮದುವೆ ಸಿಕ್ಕರೆ ಹಿಂದಿನ ತಲೆಮಾರಿನ ಎರಡು ಮದುವೆಗಳ ಸುಳಿವು ಸಿಕ್ಕ ಹಾಗೆ. ಪುಸ್ತಕಗಳನ್ನು ಎರಡು ಪ್ರತಿ ಮಾಡುವ ಪದ್ಧತಿಯೂ ಇತ್ತು. ಒಂದು ಚರ್ಚಿಗೆ, ಒಂದು ನ್ಯಾಯಾಲಯಕ್ಕೆ. ಚರ್ಚು ಸುಟ್ಟುಹೋಗಿದ್ದರೂ ಇನ್ನೊಂದು ಪ್ರತಿಯ ಮೇಲೆ ಆಸೆ ಇಟ್ಟುಕೊಳ್ಳಬಹುದು. 1800ಕ್ಕಿಂತ ಹಿಂದಕ್ಕೆ ಹೋದ ಮೇಲೆ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಜೋಡಿಸಿಟ್ಟ ಮಾಹಿತಿಕೋಶ ನನ್ನ ಕೆಲಸವನ್ನು ಅರ್ಧಕ್ಕೆ ಇಳಿಸಿತು.

ಕಷ್ಟ ಬಂದದ್ದು ಶಾರ್ಲವ್ವಾ ಸೀಮೆಯಲ್ಲಿ. ಸೇಂಟ್ ಲಾರೆನ್ಸ್ ನದಿಯ ಉತ್ತರ ದಂಡೆ, ಬೆಟ್ಟಗಳ ನಡುವೆ ಕೆಲವೇ ಹಳ್ಳಿಗಳು. ಗಂಡೂ ಟ್ರಾಂಬ್ಲೆ, ಹೆಣ್ಣೂ ಟ್ರಾಂಬ್ಲೆ. ಒಂದೇ ಕಾಲದಲ್ಲಿ ಒಂದೇ ಊರಲ್ಲಿ ಎಷ್ಟೋ ಲೂಯಿ ಟ್ರಾಂಬ್ಲೆಗಳು! ಇಲ್ಲಿ ನನ್ನ ಕೈ ಹಿಡಿದದ್ದು ಪಾದ್ರಿಗಳು ಬರೆದಿಟ್ಟ ವಿನಾಯಿತಿ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾಗಲು ಚರ್ಚಿನ ಅನುಮತಿ ಬೇಕಿತ್ತು. "ಮೂರನೆಯ ಡಿಗ್ರಿ" ಅಂತ ಬರೆದಿದ್ದರೆ ಇಬ್ಬರಿಗೂ ಮುತ್ತಜ್ಜ ಮುತ್ತಜ್ಜಿ ಒಬ್ಬರೇ ಅಂತ ಅರ್ಥ. ನಾನು ಬರೆದ ಮರದಲ್ಲಿ ಆ ಮುತ್ತಜ್ಜ ಕಾಣದಿದ್ದರೆ ಎಲ್ಲೋ ಬೇರೆ ಲೂಯಿಯನ್ನು ಹಿಡಿದಿದ್ದೇನೆ ಅಂತ ಆಯಿತು, ಅಲ್ವಾ? ಜನ ಇಟ್ಟ ಉಪನಾಮಗಳೂ ನೆರವಾಗುತ್ತವೆ. ಅಲೆಕ್ಸಿ ಟ್ರಾಂಬ್ಲೆ ಎಂಬವನನ್ನು ಪಿಕೋತೆ ಅನ್ನುತ್ತಿದ್ದರು. ಅಂದರೆ ಮುಖದ ಮೇಲೆ ಸಿಡುಬಿನ ಕಲೆ ಇದ್ದವನು. 1838ರಲ್ಲಿ ಲಾ ಮಾಲ್ಬೇಯಿಂದ ಸಾಗ್ನೇ ಕಣಿವೆಗೆ ಜನರನ್ನು ಕಳಿಸಿದ ಇಪ್ಪತ್ತೊಂದು ಮಂದಿಯ ಸಂಘದ ಮುಂದಾಳು ಅವನೇ. ಸಾಗ್ನೇ ಕಡೆ ಇವತ್ತಿಗೂ ಈ ಹೆಸರು ತುಂಬಿಕೊಂಡಿರುವುದಕ್ಕೆ ಆ ವಲಸೆ ಮುಖ್ಯ ಕಾರಣ.

ಹೀಗೆ ಹಿಂದಕ್ಕೆ ಹೋಗಿ ನಿಂತದ್ದು 1657ರ ಅಕ್ಟೋಬರ್ 2ರ ಒಂದು ಮದುವೆಯ ಹತ್ತಿರ. ಊರು ಕ್ವಿಬೆಕ್. ಗಂಡು ಪಿಯೆರ್ ಟ್ರಾಂಬ್ಲೆ, ಹೆಣ್ಣು ಓಜಾನ್ ಆಶೋಂ. ಅವನು ಫ್ರಾನ್ಸಿನ ಪೆರ್ಶ್ ಸೀಮೆಯ ರಾಂಡೊನೆ ಊರಿನವನು, 1647ರಲ್ಲಿ ಒಪ್ಪಂದದ ಕೂಲಿಯಾಗಿ ಬಂದವನು. ಅವಳು ಲಾ ರೊಶೆಲ್ ಪಟ್ಟಣದ ಆಸುಪಾಸಿನವಳು. ಅವರಿಗೆ ಹನ್ನೆರಡು ಮಕ್ಕಳು. ಪಿಯೆರ್, ಮಿಶೆಲ್, ಲೂಯಿ, ಜಾಕ್ ಎಂಬ ನಾಲ್ವರು ಗಂಡುಮಕ್ಕಳಿಂದ ಹೆಸರು ಮುಂದುವರಿಯಿತು. ನಾಲ್ಕೂ ಕವಲು ಬೆಳೆದವು. ಅದೇ ಕಾಲದಲ್ಲಿ ಬಂದ ಎಷ್ಟೋ ಮನೆತನಗಳ ಹೆಸರು ಎರಡನೇ ತಲೆಮಾರಿಗೇ ಅಳಿಸಿಹೋಗಿದೆ. ಇದರಲ್ಲಿ ಹೆಸರಿನ ಮಹಿಮೆ ಏನೂ ಇಲ್ಲ. ಬೇಗ ಬಂದರು, ಗಂಡುಮಕ್ಕಳು ಬದುಕಿದರು, ಹೊಸ ಜಮೀನು ಸಿಕ್ಕಿತು, ಅಷ್ಟೇ. ನನ್ನ ಸೊಸೆಯ ತಂದೆಗೆ ಮಾತ್ರ ಈ ಮಾತು ಅಷ್ಟಾಗಿ ರುಚಿಸಲಿಲ್ಲ!

ಮಗಳ ಕಡೆಯಿಂದ ಬಂದ ಸಂತಾನ ಈ ಹೆಸರಿನ ಲೆಕ್ಕದಲ್ಲಿ ಸಿಗೋದೇ ಇಲ್ಲ ಅನ್ನೋದನ್ನೂ ಮರೆಯಬಾರದು. ಗಾನ್ಯೋಂ, ಬುಶಾರ್, ಸಿಮಾರ್ ಅಂತ ಹೆಸರಿರುವವರಲ್ಲೂ ಓಜಾನಳ ವಂಶದವರು ಬೇಕಾದಷ್ಟಿದ್ದಾರೆ.

ಕೊನೆಗೆ ಉಳಿದದ್ದು ಅಮೆರಿಕದ ಕವಲು. 19ನೇ ಶತಮಾನದಲ್ಲಿ ಬಟ್ಟೆ ಗಿರಣಿ ಕೆಲಸಕ್ಕೆ ಲಕ್ಷಾಂತರ ಕ್ವಿಬೆಕ್ ಜನ ನ್ಯೂ ಇಂಗ್ಲೆಂಡಿಗೆ ಹೋದರು. ಅಲ್ಲಿ ಟ್ರಾಂಬ್ಲೆ ಟ್ರಾಂಬ್ಲಿ ಆಯಿತು, ಟ್ರೆಂಬ್ಲಿಯೂ ಆಯಿತು. ಇಂಗ್ಲಿಷ್ ಗುಮಾಸ್ತ ಕೇಳಿದ ಹಾಗೆ ಬರೆದುಕೊಂಡಿದ್ದಾನೆ. ಇಂಥ ಕಡೆ ನಾನು ಹೆಸರಿನಿಂದ ಹುಡುಕುವುದನ್ನೇ ಬಿಟ್ಟೆ. ಗಂಡ ಹೆಂಡತಿಯ ಮೊದಲ ಹೆಸರು, ಮಕ್ಕಳ ವಯಸ್ಸು, ಜ್ಞಾನಸ್ನಾನಕ್ಕೆ ನಿಂತ ಸಾಕ್ಷಿಗಳು, ಇವನ್ನು ಜೋಡಿಸಿ ನೋಡಿದೆ. ಆ ಊರುಗಳ ಫ್ರೆಂಚ್ ಚರ್ಚುಗಳ ಪುಸ್ತಕ ಸಿಕ್ಕರೆ ಇನ್ನೂ ಒಳ್ಳೆಯದು. ಜನಗಣತಿಯವನು ಕೆಡಿಸಿದ ಹೆಸರನ್ನು ಅಲ್ಲಿನ ಪಾದ್ರಿ ಸಾಮಾನ್ಯವಾಗಿ ಸರಿಯಾಗೇ ಬರೆದಿರುತ್ತಾನೆ.