ಸೌತ್ ಆಫ್ರಿಕಾದ ನಾಲ್ಕು ದಿನದ ಕ್ರಿಕೆಟ್ ಇಲ್ಲೇ ಕೂತು ಫಾಲೋ ಮಾಡೋದು ಹೇಗೆ

2025ರ ನವೆಂಬರ್‌ನಲ್ಲಿ ಸೌತ್ ಆಫ್ರಿಕಾದವ್ರು ಇಲ್ಲಿಗೆ ಬಂದು ಟೆಸ್ಟ್ ಸೀರೀಸ್ನ 2-0 ಎತ್ಕೊಂಡು ಹೋದ್ರಲ್ಲ, ಆಗ ಸುಮಾರು ಜನ ಕೇಳಿದ್ದು ಒಂದೇ ಪ್ರಶ್ನೆ, ಈ ಆಫ್ ಸ್ಪಿನ್ನರ್ ಸೈಮನ್ ಹಾರ್ಮರ್ ಇಷ್ಟು ದಿನ ಎಲ್ಲಿದ್ದಪ್ಪಾ ಅಂತ. ಎರಡು ಟೆಸ್ಟಲ್ಲಿ 17 ವಿಕೆಟ್. ಅವ್ನು ಎಲ್ಲೂ ಹೋಗಿರ್ಲಿಲ್ಲ, ಇಂಗ್ಲೆಂಡಲ್ಲಿ ಎಸೆಕ್ಸ್‌ಗೆ, ಅಲ್ಲಿ ಸೀಸನ್ ಇಲ್ದಾಗ ಸೌತ್ ಆಫ್ರಿಕಾದ ಟೈಟನ್ಸ್ ಟೀಮ್‌ಗೆ, ವರ್ಷಗಟ್ಲೆ ಓವರ್ ಮೇಲೆ ಓವರ್ ಹಾಕ್ತಾನೇ ಇದ್ದ, ನೋಡೋರು ಇರ್ಲಿಲ್ಲ ಅಷ್ಟೆ. ಆ ಸೀರೀಸ್‌ಗೆ ಸ್ವಲ್ಪ ಮುಂಚೆ ಸೌತ್ ಆಫ್ರಿಕಾ ಎ ಟೀಮು ನಮ್ಮ ಬೆಂಗಳೂರಲ್ಲೇ ಇಂಡಿಯಾ ಎ ಜೊತೆ ಎರಡು ನಾಲ್ಕು ದಿನದ ಮ್ಯಾಚ್ ಆಡಿತ್ತು, ಎರಡನೇದ್ರಲ್ಲಿ ಕೊನೇ ಇನ್ನಿಂಗ್ಸಲ್ಲಿ 417 ಚೇಸ್ ಮಾಡಿ ಗೆದ್ಬಿಟ್ರು, ಆ ಸ್ಕೋರ್‌ಕಾರ್ಡಲ್ಲಿ ಬವುಮಾ ಬಿಟ್ರೆ ಬಾಕಿ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತು ಹೇಳಿ? ಅವ್ರೆಲ್ಲ ಬಂದಿದ್ದು ಅಲ್ಲಿನ ಡೊಮೆಸ್ಟಿಕ್ ಫಸ್ಟ್ ಕ್ಲಾಸ್ ಕ್ರಿಕೆಟ್ಟಿಂದ, ಅಂದ್ರೆ ನಮ್ಮ ರಣಜಿ ತರದ ನಾಲ್ಕು ದಿನದ ಆಟದಿಂದ. ಅದನ್ನ ಫಾಲೋ ಮಾಡೋಕೆ ಕಷ್ಟ ಏನಿಲ್ಲ, ಆದ್ರೆ ಶುರುನಲ್ಲಿ ಹೆಸರುಗಳು ತಲೆ ಕೆಡಿಸ್ತವೆ.

ಹಾಗಾಗಿ ಮೊದ್ಲು ಹೆಸರು ಬಿಡಿಸ್ಕೊಳ್ಳಿ. ನಮ್ಮ ರಣಜಿ ತರ ಒಂದೇ ಹೆಸರಿನ ಒಂದೇ ಕಪ್ಪು ಅಲ್ಲಿ ಉಳ್ಕೊಂಡಿಲ್ಲ. ಹಡಗು ಕಂಪನಿ ನಡೆಸ್ತಿದ್ದ ಸರ್ ಡೊನಾಲ್ಡ್ ಕರಿ ಅನ್ನೋರು 1888-89ರಲ್ಲಿ ಇಂಗ್ಲೆಂಡ್ ಟೀಮ್ ಟೂರ್ ಬಂದಾಗ ಒಂದು ಕಪ್ ಕೊಟ್ರು, ಇಂಗ್ಲಿಷರ ವಿರುದ್ಧ ಚೆನ್ನಾಗಿ ಆಡಿದ ಟೀಮ್‌ಗೆ ಅಂತ, ಅದು ವಜ್ರದ ಗಣಿ ಊರು ಕಿಂಬರ್ಲಿ ಪಾಲಾಯ್ತು, ಮುಂದಿನ ಸೀಸನ್ನಿಂದ ಅದೇ ಕಪ್ಪಿಗೆ ಪ್ರಾಂತ್ಯಗಳು ತಮ್ಮತಮ್ಮಲ್ಲೇ ಆಡೋಕೆ ಶುರು ಮಾಡಿದ್ವು. ಇದೇ ಕರಿ ಕಪ್. ಆಮೇಲೆ ಸ್ಪಾನ್ಸರ್ ಬದಲಾದಂಗೆ ಕ್ಯಾಸಲ್ ಕಪ್, ಸೂಪರ್‌ಸ್ಪೋರ್ಟ್ ಸೀರೀಸ್, ಹಿಂಗೆ ಹೆಸರು ಬದಲಾಯಿಸ್ತಾ ಬಂದ್ರು. ಈಗ ಸುಮ್ನೆ ಫೋರ್ ಡೇ ಸೀರೀಸ್ ಅಂತಾರೆ. ಹೆಸರು ಏನಾದ್ರೂ ಇರ್ಲಿ, ಸರಪಳಿ ಒಂದೇ ಅಂತ ಇಟ್ಕೊಳ್ಳಿ.

ಟೀಮ್ ಹೆಸರು ಇನ್ನೂ ಗೋಜಲು. ಟ್ರಾನ್ಸ್‌ವಾಲ್ ಹೋಗಿ ಗೌಟೆಂಗ್ ಆಯ್ತು, ಅದು ಈಗಿನ ಲಯನ್ಸ್, ಜೋಹಾನ್ಸ್‌ಬರ್ಗ್ ಟೀಮು. ನಾರ್ದರ್ನ್ ಟ್ರಾನ್ಸ್‌ವಾಲ್ ಹೋಗಿ ನಾರ್ದರ್ನ್ಸ್ ಆಯ್ತು, ಅದು ಟೈಟನ್ಸ್, ಸೆಂಚೂರಿಯನ್. ನಟಾಲ್ ಹೋಗಿ ಕ್ವಾಜುಲು-ನಟಾಲ್ ಆಗಿ ಈಗ ಡಾಲ್ಫಿನ್ಸ್, ಡರ್ಬನ್. ಈಸ್ಟರ್ನ್ ಪ್ರಾವಿನ್ಸ್ ಅಂದ್ರೆ ವಾರಿಯರ್ಸ್, ಊರು ಪೋರ್ಟ್ ಎಲಿಜಬೆತ್, ಅದರ ಹೆಸರೂ 2021ರಲ್ಲಿ ಗೆಬೇಹಾ ಆಯ್ತು. ಆರೆಂಜ್ ಫ್ರೀ ಸ್ಟೇಟ್ ಹೋಗಿ ಫ್ರೀ ಸ್ಟೇಟ್, ಆಮೇಲೆ ಈಗಲ್ಸ್, ಈಗ ನೈಟ್ಸ್. ವೆಸ್ಟರ್ನ್ ಪ್ರಾವಿನ್ಸ್ ಒಂದು ಮಧ್ಯೆ ಕೇಪ್ ಕೋಬ್ರಾಸ್ ಒಳಗೆ ಸೇರ್ಕೊಂಡಿತ್ತು, ಆಮೇಲೆ ತನ್ನ ಹಳೇ ಹೆಸರಿಗೇ ವಾಪಸ್ ಬಂತು. ಇದನ್ನ ಬಾಯಿಪಾಠ ಮಾಡೋ ಅಗತ್ಯ ಇಲ್ಲ, ಟೀಮ್ ಬದ್ಲು ಗ್ರೌಂಡ್ ಹೆಸರು ನೆನಪಿಟ್ಕೊಳ್ಳಿ, ಗ್ರೌಂಡ್ ಮಾತ್ರ ಕದಲಲ್ಲ. ವಾಂಡರರ್ಸ್ ಅಂದ್ರೆ ಲಯನ್ಸ್, ನ್ಯೂಲ್ಯಾಂಡ್ಸ್ ಅಂದ್ರೆ ವೆಸ್ಟರ್ನ್ ಪ್ರಾವಿನ್ಸ್, ಕಿಂಗ್ಸ್‌ಮೀಡ್ ಅಂದ್ರೆ ಡಾಲ್ಫಿನ್ಸ್, ಸೇಂಟ್ ಜಾರ್ಜಸ್ ಪಾರ್ಕ್ ಅಂದ್ರೆ ವಾರಿಯರ್ಸ್, ಪಾರ್ಲ್ ಅಂದ್ರೆ ಬೋಲ್ಯಾಂಡ್. ಇಷ್ಟಿದ್ರೆ ಸಾಕು.

ಒಂದು ಎಚ್ಚರಿಕೆ. ಸ್ಕೋರ್ ಆ್ಯಪಲ್ಲಿ ಟಸ್ಕರ್ಸ್ ಅಂತ ಕಂಡ್ರೆ ಯಾವ ದೇಶ ನೋಡಿ. ಸೌತ್ ಆಫ್ರಿಕಾದ ಪೀಟರ್‌ಮ್ಯಾರಿಟ್ಸ್‌ಬರ್ಗ್ ಕಡೆ ಕ್ವಾಜುಲು-ನಟಾಲ್ ಇನ್‌ಲ್ಯಾಂಡ್ ಟಸ್ಕರ್ಸ್ ಇದೆ, ಜಿಂಬಾಬ್ವೆಯ ಲೋಗನ್ ಕಪ್ಪಲ್ಲಿ ಬುಲವಾಯೊದ ಮಟಬೆಲೆಲ್ಯಾಂಡ್ ಟಸ್ಕರ್ಸ್ ಇದೆ. ಸೌತ್ ಆಫ್ರಿಕಾದಲ್ಲಿ ಮ್ಪುಮಲಂಗಾ ರೈನೋಸ್, ಜಿಂಬಾಬ್ವೆಯಲ್ಲಿ ಮಿಡ್ ವೆಸ್ಟ್ ರೈನೋಸ್. ಸೌತ್ ಆಫ್ರಿಕಾದಲ್ಲಿ ಹಿಂದೊಂದು ಕಾಲಕ್ಕೆ ಈಗಲ್ಸ್ ಇತ್ತು, ಜಿಂಬಾಬ್ವೆಯಲ್ಲಿ ಈಗ್ಲೂ ಮಶೋನಾಲ್ಯಾಂಡ್ ಈಗಲ್ಸ್ ಇದೆ. ಆಫ್ರಿಕಾದಲ್ಲಿ ಪ್ರಾಣಿಗಳು ಜಾಸ್ತಿ ಇದಾವೆ ಅಂತಾರೆ, ಕ್ರಿಕೆಟ್ ಬೋರ್ಡಿನವ್ರಿಗೆ ಮಾತ್ರ ನಾಲ್ಕೈದೇ ಸಿಕ್ಕಿರೋದು. ಅದೂ ಸಾಲ್ದು ಅಂತ ರೊಡೇಷಿಯಾ ಅನ್ನೋ ಟೀಮು 1980ರ ತನಕ ಸೌತ್ ಆಫ್ರಿಕಾದ ಕರಿ ಕಪ್ಪಲ್ಲೇ ಆಡ್ತಿತ್ತು, ಅಂದ್ರೆ ಈಗಿನ ಜಿಂಬಾಬ್ವೆ. ಮೈಕ್ ಪ್ರಾಕ್ಟರ್ 1970-71ರಲ್ಲಿ ಸತತ ಆರು ಫಸ್ಟ್ ಕ್ಲಾಸ್ ಸೆಂಚುರಿ ಹೊಡೆದಿದ್ದು ರೊಡೇಷಿಯಾ ಆಟಗಾರನಾಗಿದ್ದಾಗ್ಲೇ.

ಈಗ ರಚನೆ. 2004-05ರಿಂದ 2020-21ರ ತನಕ ಆರು ಫ್ರಾಂಚೈಸಿ ಇದ್ವು, ಎರಡು ಮೂರು ಪ್ರಾಂತ್ಯ ಸೇರಿಸಿ ಒಂದೊಂದು ಟೀಮ್. ಟ್ಯಾಲೆಂಟ್ ಒಂದ್ಕಡೆ ಸೇರ್ಲಿ, ಕ್ವಾಲಿಟಿ ಏರ್ಲಿ ಅನ್ನೋ ಲೆಕ್ಕ. ಏರಿತು ಕೂಡ, ಆದ್ರೆ ಜಾಗ ಕಮ್ಮಿ ಆಗೋಯ್ತು, ಜಾಗ ಸಿಗದವ್ರಲ್ಲಿ ಸುಮಾರು ಜನ ಯುರೋಪಿಯನ್ ಯೂನಿಯನ್ ಕಾನೂನಿನ ಕೋಲ್ಪಾಕ್ ಅನ್ನೋ ದಾರಿ ಹಿಡಿದು ಇಂಗ್ಲೆಂಡ್ ಕೌಂಟಿಗೆ ಹೋದ್ರು, ಅಲ್ಲಿ ಲೋಕಲ್ ಪ್ಲೇಯರ್ ಅಂತ ಆಡ್ಬೋದಿತ್ತು ಆದ್ರೆ ಸೌತ್ ಆಫ್ರಿಕಾಗೆ ಆಡೋ ಹಾಗಿರ್ಲಿಲ್ಲ. ಹಾರ್ಮರ್ ಹೋಗಿದ್ದೂ ಹಂಗೇ, ಟೆಸ್ಟ್ ಟೀಮಲ್ಲಿದ್ದ ಕೈಲ್ ಅಬಾಟ್, ಡ್ವೇನ್ ಒಲಿವಿಯರ್ ಕೂಡ ಅದೇ ದಾರಿಲಿ ಹೋದ್ರು. ಬ್ರೆಕ್ಸಿಟ್ ಆಗಿ 2020ರ ಕೊನೆಗೆ ಆ ಬಾಗಿಲು ಮುಚ್ತು. ಒಲಿವಿಯರ್ ವಾಪಸ್ ಬಂದು ಲಯನ್ಸ್‌ಗೆ ವಿಕೆಟ್ ತೆಗೆದು ಸೀದಾ ಟೆಸ್ಟ್ ಟೀಮಿಗೆ ಬಂದ. 2021-22ರಿಂದ ಫ್ರಾಂಚೈಸಿ ಪದ್ಧತಿ ಬಿಟ್ಟು 15 ಪ್ರಾಂತ್ಯ ಟೀಮು, ಎರಡು ಡಿವಿಷನ್, ಮೇಲೆ ಎಂಟು, ಕೆಳಗೆ ಏಳು. ನಮ್ಮ ರಣಜಿ ಎಲೈಟ್, ಪ್ಲೇಟ್ ಇದ್ದಂಗೆ ಅಂದ್ಕೊಳ್ಳಿ. ಕೆಳಗೆ ಬೀಳೋದು, ಮೇಲೆ ಬರೋದು ಇದೆ, ದೊಡ್ಡ ಟೀಮು ಅಂತ ರಿಯಾಯಿತಿ ಇಲ್ಲ, ನೈಟ್ಸೇ ಒಂದ್ಸಲ ಕೆಳಗೆ ಬಿದ್ದು ಟಸ್ಕರ್ಸ್ ಮೇಲೆ ಬಂತು.

ಹಳೇ ಅಂಕಿಅಂಶ ಹುಡುಕುವಾಗ ಇಲ್ಲೊಂದು ತೊಡಕಿದೆ. ಫ್ರಾಂಚೈಸಿ ಕಾಲದಲ್ಲಿ ಕೆಳಗಡೆ ಪ್ರಾಂತ್ಯ ಟೀಮುಗಳು ಬೇರೆಯಾಗಿ ಮೂರು ದಿನದ ಟೂರ್ನಿ ಆಡ್ತಿದ್ವು, ನಮೀಬಿಯಾ ಕೂಡ ಬಂದು ಆಡ್ತಿತ್ತು, ಅದಕ್ಕೂ ಫಸ್ಟ್ ಕ್ಲಾಸ್ ಮಾನ್ಯತೆನೇ. ಅಂದ್ರೆ ಒಬ್ಬನ ಫಸ್ಟ್ ಕ್ಲಾಸ್ ಆವರೇಜ್ 50 ಅಂತ ಇದ್ರೆ, ಅದ್ರಲ್ಲಿ ಎಷ್ಟು ಫ್ರಾಂಚೈಸಿ ರನ್ನು, ಎಷ್ಟು ಮೂರು ದಿನದ ರನ್ನು ಅಂತ ಬಿಡಿಸಿ ನೋಡ್ಬೇಕು. ಈಗ್ಲೂ ಡಿವಿಷನ್ ಟೂ ರನ್ನಿಗೆ ನಾನು ಮನಸಲ್ಲೇ ಸ್ವಲ್ಪ ಡಿಸ್ಕೌಂಟ್ ಹಾಕ್ತೀನಿ. ಹಂಗಂತ ಡಿವಿಷನ್ ಟೂ ನೋಡಲೇಬೇಡಿ ಅಂತಲ್ಲ, 2021ರ ನವೆಂಬರ್‌ನಲ್ಲಿ ಔಟ್ಸ್‌ಹೂರ್ನ್‌ನಲ್ಲಿ, ಉಷ್ಟ್ರಪಕ್ಷಿ ಸಾಕಣೆಗೆ ಹೆಸರಾದ ಊರು ಅದು, ಸೌತ್ ವೆಸ್ಟರ್ನ್ ಡಿಸ್ಟ್ರಿಕ್ಟ್ಸ್‌ನ ಎಡಗೈ ಸ್ಪಿನ್ನರ್ ಶಾನ್ ವೈಟ್‌ಹೆಡ್ ಒಂದೇ ಇನ್ನಿಂಗ್ಸಲ್ಲಿ ಹತ್ತಕ್ಕೆ ಹತ್ತೂ ತಗೊಂಡ, 36 ರನ್ ಕೊಟ್ಟು. ಅದೂ ಡಿವಿಷನ್ ಟೂ ಮ್ಯಾಚೇ.

ಪಾಯಿಂಟ್ಸ್ ಟೇಬಲ್ ನೋಡಿದ್ರೆ ಮೊದಲ್ನೇ ಸಲ ಗಾಬರಿ ಆಗುತ್ತೆ, ಇದೇನಪ್ಪ ಕಿರಾಣಿ ಅಂಗಡಿ ಬಿಲ್ ತರ ದಶಮಾಂಶದಲ್ಲಿ ಇದೆ ಅಂತ. ಕಾರಣ ಬ್ಯಾಟಿಂಗ್ ಬೋನಸ್. ವರ್ಷಗಳಿಂದ ನಡ್ಕೊಂಡು ಬಂದಿರೋ ಲೆಕ್ಕ ಏನಂದ್ರೆ ಮೊದಲ ಇನ್ನಿಂಗ್ಸಿನ ಮೊದಲ 100 ಓವರ್ ಒಳಗೆ 150 ರನ್ ಆದ್ರೆ ಒಂದು ಪಾಯಿಂಟು, ಅಲ್ಲಿಂದ ಮುಂದೆ ಪ್ರತಿ ರನ್ನಿಗೂ 0.02. ಅಂದ್ರೆ 100 ಓವರಿಗೆ 287 ಹೊಡೆದ್ರೆ ಒಂದು ಪಾಯಿಂಟ್ ಪ್ಲಸ್ 137 ರನ್ನಿಗೆ 2.74, ಒಟ್ಟು 3.74. ಬೌಲಿಂಗಿಗೆ ಅದೇ 100 ಓವರಲ್ಲಿ ಮೂರನೇ ವಿಕೆಟಿಗೆ ಒಂದು, ಆಮೇಲೆ ಐದು, ಏಳು, ಒಂಬತ್ತಕ್ಕೆ ಒಂದೊಂದು. ಇದು ಗೊತ್ತಿದ್ರೆ ಮೊದಲ ದಿನದ ಆಟಕ್ಕೇ ಒಂದು ಬಿಗಿ ಬರುತ್ತೆ, 80ನೇ ಓವರ್ ಆದ್ಮೇಲೆ ಎಂಟು ವಿಕೆಟ್ ಬಿದ್ದಿದ್ರೂ ಬಾಲಂಗೋಚಿಗಳು ಯಾಕೆ ಬೀಸ್ತಿದ್ದಾರೆ, ಫೀಲ್ಡಿಂಗ್ ಟೀಮು ಒಂಬತ್ತನೇ ವಿಕೆಟಿಗೆ ಯಾಕೆ ಅಷ್ಟು ಪರದಾಡ್ತಿದೆ ಅಂತ ಅರ್ಥ ಆಗುತ್ತೆ. ಸೀಸನ್ ಶುರುವಾಗೋ ಮುಂಚೆ ಆ ವರ್ಷದ ನಿಯಮ ಒಮ್ಮೆ ನೋಡ್ಕೊಳ್ಳಿ, ಗೆಲುವಿಗೆ ಎಷ್ಟು, ಡ್ರಾಗೆ ಎಷ್ಟು ಅನ್ನೋದನ್ನ ಅವ್ರು ಆಗಾಗ ತಿದ್ತಾ ಇರ್ತಾರೆ.

ಟೀಮ್ ಲಿಸ್ಟ್ ನೋಡುವಾಗ ಇನ್ನೊಂದು ಗೊತ್ತಿರ್ಬೇಕು. ಡೊಮೆಸ್ಟಿಕ್ ಹನ್ನೊಂದರಲ್ಲಿ ಬಿಳಿಯರಲ್ಲದ ಆಟಗಾರರು ಇಂತಿಷ್ಟು ಜನ, ಅದ್ರಲ್ಲಿ ಕಪ್ಪು ಆಫ್ರಿಕನ್ನರು ಇಂತಿಷ್ಟು ಜನ ಇರ್ಲೇಬೇಕು ಅನ್ನೋ ಗುರಿ ಇದೆ, ಬರೀ ಕಾಗದದ ಮೇಲಲ್ಲ, 2025ರಲ್ಲಿ ಇದಕ್ಕೇ ವಾರಿಯರ್ಸ್‌ಗೆ ಒಂದು ದಿನದ ಟೂರ್ನಿಯಲ್ಲಿ ಪಾಯಿಂಟ್ ಕಟ್ ಆಯ್ತು. ಇದ್ಯಾಕೆ ಅಂತ ಕೇಳೋರು ಹೋವಾ ಬೌಲ್ ಬಗ್ಗೆ ಓದ್ಬೇಕು. ವರ್ಣಭೇದದ ಕಾಲದಲ್ಲಿ ಬಿಳಿಯರಲ್ಲದವ್ರಿಗೆ ಕರಿ ಕಪ್ಪಲ್ಲಿ ಜಾಗ ಇರ್ಲಿಲ್ಲ, ಅವ್ರದ್ದೇ ಬೇರೆ ಬೋರ್ಡು, ಬೇರೆ ಟೂರ್ನಿ, ಆ ಬೋರ್ಡಿನ ಮುಖಂಡ ಹಸನ್ ಹೋವಾ ಹೆಸರಲ್ಲಿ. ಒಂದೇ ಕೇಪ್ ಟೌನಲ್ಲಿ ಎರಡು ವೆಸ್ಟರ್ನ್ ಪ್ರಾವಿನ್ಸ್ ಟೀಮು. ವಿನ್ಸೆಂಟ್ ಬಾರ್ನ್ಸ್ ಅನ್ನೋ ಫಾಸ್ಟ್ ಬೌಲರ್ ಅಲ್ಲಿ 12ರ ಆಸುಪಾಸಿನ ಆವರೇಜಲ್ಲಿ 300ಕ್ಕೂ ಹೆಚ್ಚು ವಿಕೆಟ್ ತಗೊಂಡ್ರು, ಒಂದು ಟೆಸ್ಟ್ ಆಡೋ ಅವಕಾಶ ಸಿಗ್ಲಿಲ್ಲ. 1991ರಲ್ಲಿ ಎರಡೂ ಬೋರ್ಡು ಒಂದಾದ್ಮೇಲೆ ಹೋವಾ ಬೌಲ್ ಮ್ಯಾಚುಗಳಿಗೂ ಫಸ್ಟ್ ಕ್ಲಾಸ್ ಮಾನ್ಯತೆ ಕೊಟ್ರು. ಹಾಗಾಗಿ ಹಳೇ ರೆಕಾರ್ಡ್ ನೋಡುವಾಗ ಒಂದೇ ಸೀಸನ್ನಲ್ಲಿ ಎರಡು ಟ್ರಾನ್ಸ್‌ವಾಲ್, ಎರಡು ನಟಾಲ್ ಕಂಡ್ರೆ ಪ್ರಿಂಟ್ ಮಿಸ್ಟೇಕ್ ಅಂದ್ಕೋಬೇಡಿ.

ಟೈಮ್ ವಿಷಯಕ್ಕೆ ಬರೋಣ, ಇದು ನಮ್ಗೆ ಲಾಭ. ಅವ್ರ ಗಡಿಯಾರ ನಮ್ಗಿಂತ ಮೂರೂವರೆ ಗಂಟೆ ಹಿಂದೆ, ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಶುರು ಅಂದ್ರೆ ನಮ್ಗೆ ಮಧ್ಯಾಹ್ನ ಒಂದೂವರೆ, ಊಟ ಮುಗ್ಸಿ ಕೂತ್ರೆ ರಾತ್ರಿ ಎಂಟೂವರೆಗೆ ಸ್ಟಂಪ್ಸ್. ಆಫೀಸ್ ಇರೋರು ಸಂಜೆ ಬಸ್ಸಲ್ಲೋ ಮೆಟ್ರೋದಲ್ಲೋ ಬರ್ತಾ ಟೀ ಆದ್ಮೇಲಿನ ಸೆಷನ್ ನೋಡ್ಬೋದು. ಸೀಸನ್ ನಮ್ಮ ಹಾಗೇ ಮಳೆಗಾಲ ಕಳೆದ್ಮೇಲೆ ಅಲ್ಲ, ಅಲ್ಲಿನ ಬೇಸಿಗೆ, ಹೆಚ್ಚುಕಮ್ಮಿ ಸೆಪ್ಟೆಂಬರ್ ಅಕ್ಟೋಬರಿಂದ ಏಪ್ರಿಲ್. ಮಧ್ಯೆ ಎಸ್‌ಎ20 ಅನ್ನೋ ಅಲ್ಲಿನ ಟಿ20 ಲೀಗ್ ಬಂದಾಗ ಎಲ್ಲ ನಿಂತೋಗುತ್ತೆ, ಹುಡುಕಿ ಹುಡುಕಿ ಫಿಕ್ಸ್ಚರ್ ಕಾಣ್ಲಿಲ್ಲ ಅಂದ್ರೆ ಅದೇ ಕಾರಣ. ಆ ಟಿ20ಗೇ ಮುಖ್ಯ ಆಟಗಾರರನ್ನ ಉಳಿಸ್ಕೊಂಡು 2024ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿಗೆ ಕಳಿಸಿದ್ದು ಈ ನಾಲ್ಕು ದಿನದವ್ರನ್ನ, ಕ್ಯಾಪ್ಟನ್ ನೀಲ್ ಬ್ರ್ಯಾಂಡ್‌ಗೇ ಅದು ಮೊದಲ ಟೆಸ್ಟು. ಸೋತ್ರು, ಸೋಲದೇ ಇನ್ನೇನು, ಆದ್ರೆ ಹ್ಯಾಮಿಲ್ಟನಲ್ಲಿ ಬೆಡಿಂಗ್‌ಹ್ಯಾಮ್ ಸೆಂಚುರಿ ನೋಡಿ ಡೊಮೆಸ್ಟಿಕ್ ಫಾಲೋ ಮಾಡೋರಿಗೆ ಅಷ್ಟೇನೂ ಆಶ್ಚರ್ಯ ಆಗ್ಲಿಲ್ಲ.

ವಿಡಿಯೋ ಬೇಕಂದ್ರೆ ಕ್ರಿಕೆಟ್ ಸೌತ್ ಆಫ್ರಿಕಾದ ಯೂಟ್ಯೂಬ್ ಮೊದ್ಲು ನೋಡಿ. ಎಲ್ಲ ಮ್ಯಾಚಿಗೂ ಟಿವಿ ಕ್ವಾಲಿಟಿ ನಿರೀಕ್ಷೆ ಬೇಡ, ಕೆಲವಕ್ಕೆ ಕಾಮೆಂಟ್ರಿನೇ ಇರಲ್ಲ, ನಂಗಂತೂ ಅದೇ ಇಷ್ಟ, ಬ್ಯಾಟಿಗೆ ಬಾಲ್ ತಾಗೋ ಸದ್ದು, ಸ್ಲಿಪ್ಪಲ್ಲಿ ನಿಂತವ್ರು ಆಫ್ರಿಕಾನ್ಸಲ್ಲಿ ಕೂಗೋದು, ಸಾಕು.

ಗ್ರೌಂಡ್ ಗುಣ ತಿಳ್ಕೊಂಡ್ರೆ ಸ್ಕೋರ್ ಓದೋ ರೀತಿನೇ ಬದಲಾಗುತ್ತೆ. ಜೋಹಾನ್ಸ್‌ಬರ್ಗ್ ಸಮುದ್ರಮಟ್ಟದಿಂದ 1700 ಮೀಟರ್‌ಗಿಂತ ಎತ್ತರ, ವಾಂಡರರ್ಸಲ್ಲಿ ಬಾಲ್ ಕೀಪರ್ ಕೈಗೆ ಏರ್ತಾನೇ ಹೋಗುತ್ತೆ, ಅಲ್ಲಿ 260 ಅನ್ನೋದು ಒಳ್ಳೇ ಸ್ಕೋರು. 2014-15ರಲ್ಲಿ ಹತ್ತೊಂಬತ್ತು ವರ್ಷದ ರಬಾಡ ಡಾಲ್ಫಿನ್ಸ್ ಮೇಲೆ ಒಂದೇ ಮ್ಯಾಚಲ್ಲಿ 14 ವಿಕೆಟ್ ತೆಗೆದಿದ್ದು ಇಲ್ಲೇ. ಪಾರ್ಲ್ ಪಿಚ್ ನಿಧಾನ, ಬಾಲ್ ಮೊಣಕಾಲ ಮೇಲೆ ಏಳಲ್ಲ, ನಮ್ಮವ್ರು ನೋಡಿದ್ರೆ ಊರಿಗೆ ಬಂದಂಗಾಗುತ್ತೆ. ಕಿಂಗ್ಸ್‌ಮೀಡ್ ಕಥೆ ಮಜಾ, ಹಿಂದೆ ಹಸಿರು ಪಿಚ್, ಸಮುದ್ರದ ಭರತ ಏರಿದ್ರೆ ಬಾಲ್ ಹೆಚ್ಚು ಸ್ವಿಂಗ್ ಆಗುತ್ತೆ ಅಂತೆಲ್ಲ ನಂಬ್ತಿದ್ರು, ಈಚೆಗೆ ನೋಡಿದ್ರೆ ಸ್ಪಿನ್ನರ್ ಸ್ವರ್ಗ. 2020-21ರಲ್ಲಿ ಡಾಲ್ಫಿನ್ಸ್ ಗೆದ್ದಿದ್ದೇ ಸ್ಪಿನ್ ಇಟ್ಕೊಂಡು, ಮಹಾರಾಜ್, ಮುತ್ತುಸ್ವಾಮಿ, ಸುಬ್ರಾಯನ್. ಹೆಸರು ನೋಡಿದ್ರಾ? 1860ರಿಂದ ಕಬ್ಬಿನ ಗದ್ದೆ ಕೂಲಿಗೆ ಅಂತ ಹಡಗಲ್ಲಿ ನಟಾಲಿಗೆ ಹೋದ ಭಾರತೀಯರ ಊರು ಡರ್ಬನ್. ಅದೇ ಸೆನುರನ್ ಮುತ್ತುಸ್ವಾಮಿನೇ ಗುವಾಹಟಿಯಲ್ಲಿ ನಮ್ಮ ಮೇಲೆ 109 ಹೊಡೆದು ಮ್ಯಾಚ್ ಕಿತ್ಕೊಂಡಿದ್ದು. ಈಸ್ಟ್ ಲಂಡನ್ ಇನ್ನೊಂದು ವಿಚಿತ್ರ ಊರು, 1959-60ರಲ್ಲಿ ಅಲ್ಲಿನ ಬಾರ್ಡರ್ ಅನ್ನೋ ಟೀಮು ನಟಾಲ್ ಮೇಲೆ ಒಂದು ಇನ್ನಿಂಗ್ಸಲ್ಲಿ 16ಕ್ಕೆ, ಇನ್ನೊಂದ್ರಲ್ಲಿ 18ಕ್ಕೆ ಆಲೌಟ್ ಆಗಿತ್ತು, ಎರಡೂ ಸೇರಿ 34, ಅದೇ ಊರಲ್ಲಿ 2009-10ರಲ್ಲಿ ಲಯನ್ಸಿನ ಸ್ಟೀಫನ್ ಕುಕ್ ಒಬ್ನೇ 390 ಹೊಡೆದ.

ಶುರು ಮಾಡೋಕೆ ಯಾವ ಮ್ಯಾಚ್ ಅಂದ್ರೆ ಲಯನ್ಸ್ ಟೈಟನ್ಸ್ ಹಿಡೀರಿ, ಅಲ್ಲಿನವ್ರು ಜುಕ್ಸ್‌ಕೇ ಡರ್ಬಿ ಅಂತಾರೆ, ಮಧ್ಯೆ ಹರಿಯೋ ನದಿ ಹೆಸರಲ್ಲಿ. ಎರಡೂ ಊರು ಪಕ್ಕಪಕ್ಕ, ಎರಡೂ ಕಡೆ ಟೆಸ್ಟ್ ಆಡಿದವ್ರು, ಟೆಸ್ಟ್ ಬಾಗಿಲು ತಟ್ತಿರೋರು ತುಂಬ್ಕೊಂಡಿರ್ತಾರೆ. 2024-25ರ ಫೈನಲ್ ಕೂಡ ಇವೆರಡರ ಮಧ್ಯೆನೇ, ಲಯನ್ಸ್ ಗೆದ್ರು. ನಾಲ್ಕು ದಿನಾನೂ ಕೂರೋಕಾಗಲ್ಲ ಅಂದ್ರೆ ಮೊದಲ ದಿನ ಸ್ಕೋರ್ ಮಾತ್ರ ನೋಡಿ, ಮೂರನೇ ದಿನ ಲಂಚ್ ಆದ್ಮೇಲೆ ಸ್ಟ್ರೀಮ್ ಹಾಕ್ಕೊಳ್ಳಿ, ಪಿಚ್ ಒಣಗಿ ಆಟ ಯಾವ ಕಡೆಗೋ ವಾಲೋದು ಆಗ್ಲೇ.