1971ರ ಡಿಸೆಂಬರ್‌ನಲ್ಲಿ ನಮ್ಮ ಮದುವೆ, ಆಮೇಲಿನ ಸಂಸಾರ

ನಮ್ಮ ಮದುವೆ ಆದದ್ದು 1971ರ ಡಿಸೆಂಬರ್ 5, ಭಾನುವಾರ, ಉಡುಪಿ ಕಡೆಯ ಕಟಪಾಡಿ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ. ಪಾಕಿಸ್ತಾನದ ಜೊತೆ ಯುದ್ಧ ಶುರುವಾಗಿ ಎರಡು ದಿನ ಆಗಿತ್ತು. ಇವರು ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿದ್ದರು. ತಂದೆಗೆ ತೀರಾ ಹುಷಾರಿಲ್ಲ ಅಂತ ಸಣ್ಣ ರಜೆ ಹಾಕಿ ಊರಿಗೆ ಬಂದಿದ್ದರು. ಮದುವೆ ಮಾತಾಗಿ ಫೆಬ್ರವರಿಗೆ ಅಂತ ಇತ್ತು. ಶುಕ್ರವಾರ ರಾತ್ರಿ ರೇಡಿಯೋದಲ್ಲಿ ಯುದ್ಧದ ಸುದ್ದಿ. ಶನಿವಾರ ಬೆಳಿಗ್ಗೆ ಕೂಡಲೇ ಹೊರಡಿ ಅಂತ ಇವರಿಗೆ ತಂತಿ.

"ಹುಡುಗ ಹೋಗಿ ಬರಲಿ, ಆಮೇಲೆ ನೋಡುವ" ಅಂದವರೇ ಜಾಸ್ತಿ. ಅಪ್ಪ ನನ್ನನ್ನು ಒಳಗೆ ಕರೆದು ಕೇಳಿದರು. ಈಗಲೇ ಆಗಲಿ ಅಂದೆ. ಬರೀ ಮಾತಾದ ಹುಡುಗಿಗೆ ಯಾರೂ ತಂತಿ ಕಳಿಸುವುದಿಲ್ಲ ಅಲ್ವಾ? ಅವರಿಗೆ ಏನಾದರೂ ನನಗೆ ಸುದ್ದಿ ಬರಬೇಕಾದರೆ ಅವರ ಕಾಗದಪತ್ರದಲ್ಲಿ ನನ್ನ ಹೆಸರು ಇರಬೇಕಿತ್ತು. ಭಟ್ಟರು ಪಂಚಾಂಗ ನೋಡಿದರು. ಇನ್ನು ಹತ್ತು ದಿನ ಕಳೆದರೆ ಧನು ತಿಂಗಳು, ಮದುವೆ ಆಗುವುದಿಲ್ಲ, ನಾಳೆ ಬೆಳಿಗ್ಗೆಯೇ ಆಗಬಹುದು ಅಂದರು.

ಕಾರ್ಡು ಅಚ್ಚು ಹಾಕಿಸಲಿಲ್ಲ. ತಮ್ಮ ಸೈಕಲ್ ಮೇಲೆ ಮನೆಮನೆಗೆ ಹೋಗಿ ಹೇಳಿ ಬಂದ. ಅಡಿಕೆ ಕಂಬ, ತೆಂಗಿನ ಮಡಲಿನ ಚಪ್ಪರ. ಬಾಳೆಲೆ ಪಕ್ಕದ ಮನೆಯ ಹಿತ್ತಲಿನದ್ದು. ಮಟ್ಟುವಿನ ನೆಂಟರು ಒಂದು ಬುಟ್ಟಿ ಗುಳ್ಳ, ಅಂದರೆ ಆ ಊರಿನ ಬದನೆ, ತಂದರು. ಅನ್ನ, ಸಾರು, ಗುಳ್ಳದ ಹುಳಿ, ಹೆಸರುಬೇಳೆ ಪಾಯಸ, ಊಟ ಅಷ್ಟೇ. ಪಟ್ಟೆ ಸೀರೆಗೆ ಹೊತ್ತಿರಲಿಲ್ಲ. ಅಮ್ಮನ ಪೆಟ್ಟಿಗೆಯಲ್ಲಿದ್ದ ಹೊಸ ಉಡುಪಿ ಕೈಮಗ್ಗದ ಸೀರೆ ಉಟ್ಟೆ. ಚಳಿಗಾಲದಲ್ಲಿ ಶಂಕರಪುರದ ಮಲ್ಲಿಗೆ ಕಡಿಮೆ. ಒಂದು ಅಟ್ಟೆ, ಅಂದರೆ ನಾಲ್ಕು ಚೆಂಡು, ಕೇಳಿದರೆ ಒಂದೇ ಚೆಂಡು ಸಿಕ್ಕಿತು.

ಧಾರೆ ಎರೆದದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ತೆಂಗಿನಕಾಯಿ, ಹಿಂಗಾರ ಇಟ್ಟ ಗಿಂಡಿಯನ್ನು ಅಪ್ಪ ಅಮ್ಮ ಹಿಡಿದು ನಮ್ಮ ಕೈಮೇಲೆ ನೀರು ಬಿಟ್ಟರು. ಆಮೇಲೆ ಇವರ ತಂದೆಯ ಸರದಿ. ಅವರಿಗೆ ನಿಲ್ಲಲು ಆಗುತ್ತಿರಲಿಲ್ಲ. ಕುರ್ಚಿ ಸಮೇತ ಎತ್ತಿ ತಂದರು. ಕೈ ನಡುಗಿ ನೀರೆಲ್ಲ ನನ್ನ ಸೀರೆ ಮೇಲೆ ಬಿತ್ತು. ಭಟ್ಟರು ಮಂತ್ರ ನಿಲ್ಲಿಸಿ ಕಾದರು. ಮಾವ ಇನ್ನೊಮ್ಮೆ, ನಿಧಾನಕ್ಕೆ, ನಮ್ಮ ಕೈಗೇ ಎರೆದರು. ಅವಸರದ ಮದುವೆಯಲ್ಲಿ ಅವಸರ ಮಾಡದೆ ಆದದ್ದು ಅದೊಂದು.

ಊಟ ಆದ ಮೇಲೆ ಮಂಗಳೂರು ಬಸ್ಸು. ಹಾಸನದ ಕಡೆ ರೈಲು ಬಂದದ್ದು 1979ರಲ್ಲಿ. ನಮ್ಮ ಮದುವೆಯ ಕಾಲಕ್ಕೆ ರೈಲಲ್ಲಿ ಕೇರಳ ಸುತ್ತಿ ಮದ್ರಾಸಿಗೇ ಹೋಗಬೇಕಿತ್ತು. ಹಂಪನಕಟ್ಟೆಯಲ್ಲಿ ಒಂದು ಫೋಟೋ ತೆಗೆಸಿದೆವು. ಅಪ್ಪ ಮಾಡಿದ ಇನ್ನೊಂದು ಕೆಲಸ ದೊಡ್ಡದು. ಬಿಳಿ ಹಾಳೆಯಲ್ಲಿ ನಮ್ಮಿಬ್ಬರ ಹೆಸರು, ಮದುವೆಯ ತಾರೀಕು, ಜಾಗ ಬರೆದು, ಭಟ್ಟರು, ಊರಿನ ಪಟೇಲರು, ಶಾಲೆಯ ಹೆಡ್‌ಮಾಸ್ತರರ ಸಹಿ ಹಾಕಿಸಿ ಇವರ ಕೈಗೆ ಕೊಟ್ಟರು. ಆ ಹಾಳೆ ತೋರಿಸಿಯೇ ಯೂನಿಟ್‌ನಲ್ಲಿ ಹೆಂಡತಿ ಅಂತ ನನ್ನ ಹೆಸರು ಬರೆಸಿದ್ದು. ಸಣ್ಣ ಮದುವೆ ಮಾಡುವವರು ಊಟಕ್ಕೆ ಎಷ್ಟು ಬೇಕಾದರೂ ಕಡಿಮೆ ಮಾಡಿ. ಕಾಗದದ ಕೆಲಸ ಮಾತ್ರ ಅವತ್ತೇ ಮುಗಿಸಿ. ಕೊರೊನಾ ಕಾಲದಲ್ಲಿ 50 ಜನರ ಮದುವೆ ಅಂತ ಬೇಜಾರಲ್ಲಿದ್ದ ಮಕ್ಕಳಿಗೂ ನಾನು ಇದನ್ನೇ ಹೇಳಿದ್ದೆ.

ಆಮೇಲೆ ಬರೀ ಪತ್ರ. ವಿಳಾಸ ಇಷ್ಟೇ: ನಂಬರು, ಹೆಸರು, ಯೂನಿಟ್, 56 ಎ.ಪಿ.ಒ. (ಸೈನ್ಯದ ಅಂಚೆ ಕಚೇರಿ). ಊರಿನ ಹೆಸರಿಲ್ಲ. ಅವರು ಬರೆದದ್ದನ್ನು ಅಧಿಕಾರಿ ಓದಿದ ಮೇಲೆಯೇ ಕಳಿಸುತ್ತಿದ್ದರು. ಪೂರ್ವ ಪಾಕಿಸ್ತಾನದಿಂದ ಬಂದ ಸುಮಾರು 1 ಕೋಟಿ ನಿರಾಶ್ರಿತರ ಪರಿಹಾರಕ್ಕೆ ಅಂತ, ಆ ನವೆಂಬರ್ 15ರಿಂದ ಕವರಿಗೆ 5 ಪೈಸೆಯ ಸ್ಟಾಂಪು ಬೇರೆ ಅಂಟಿಸಬೇಕಿತ್ತು. ಹಿಂದಿನ ಪತ್ರ ಮುಂದೆ, ಮುಂದಿನದು ಹಿಂದೆ ತಲುಪಿ, ಯಾವ ಮಾತಿಗೆ ಯಾವ ಉತ್ತರ ಅಂತ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಪತ್ರದ ಮೂಲೆಯಲ್ಲಿ ನಂಬರು ಹಾಕುವುದು ಶುರು ಮಾಡಿದೆವು. ಯಾವುದು ಕಳೆದುಹೋಯಿತು ಅಂತ ಅದರಿಂದಲೇ ಗೊತ್ತಾಗುತ್ತಿತ್ತು. "ಇಲ್ಲಿ ಎಲ್ಲಾ ಕ್ಷೇಮ" ಅಂತ ಸುಮ್ನೆ ಬರೆಯಬಾರದು ಅಂತಲೂ ಮಾತಾಯಿತು. ದನ ಕರು ಹಾಕಿದ್ದು, ಮಾವ ಎಷ್ಟು ಊಟ ಮಾಡಿದರು, ಅತ್ತೆಯ ಜೊತೆ ಯಾವುದಕ್ಕೆ ಮಾತು ಬೆಳೆಯಿತು, ಎಲ್ಲಾ ಬರೆದೆ. ಸಿಟ್ಟಲ್ಲಿ ಬರೆದ ಪತ್ರವನ್ನು ಒಂದು ರಾತ್ರಿ ಇಟ್ಟು ಬೆಳಿಗ್ಗೆ ಓದಿಯೇ ಡಬ್ಬಿಗೆ ಹಾಕುತ್ತಿದ್ದೆ.

ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಊರಲ್ಲಿ ಪಟಾಕಿ ಹೊಡೆದರು. ಇನ್ನೇನು ಬಂದೇ ಬಿಡುತ್ತಾರೆ ಅಂತ ಮನೆಯವರೆಲ್ಲ. ಆದರೆ ಪಶ್ಚಿಮದ ಗಡಿಯಲ್ಲಿ ಸೈನ್ಯ ಹಾಗೇ ನಿಂತಿತ್ತು. ಶಿಮ್ಲಾ ಒಪ್ಪಂದ ಆದದ್ದೇ 1972ರ ಜುಲೈಯಲ್ಲಿ. ಅದಾದ ಮೇಲೆ ಇವರಿಗೆ ರಜೆ ಸಿಕ್ಕಿತು, ಅದೂ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯ ತುಳು ತಿಂಗಳಲ್ಲಿ. ನಮ್ಮಲ್ಲಿ ಹೊಸ ಮದುಮಗಳು ಆಟಿಗೆ ತಾಯಿಮನೆಯಲ್ಲಿರಬೇಕು, ಗಂಡನ ಜೊತೆ ಅಲ್ಲ. ಜೋರು ಮಳೆಗೆ ಒದ್ದೆಯಾಗಿ ಇವರು ನಮ್ಮ ಚಾವಡಿಯಲ್ಲಿ ಬಂದು ನಿಂತರೆ ಎಲ್ಲರೂ ಅಜ್ಜಿಯ ಮುಖ ನೋಡಿದರು. "ಆಟಿ ಬರುವ ವರ್ಷವೂ ಬರುತ್ತದೆ. ಅಳಿಯನ ರಜೆ ಬರುತ್ತದಾ? ಪತ್ರೊಡೆಗೆ ಅಕ್ಕಿ ನೆನೆಹಾಕಿ" ಅಂದರು ಅಜ್ಜಿ. ನನ್ನ ಮಟ್ಟಿಗೆ ನಮ್ಮ ಸಂಸಾರಕ್ಕೆ ಸಿಕ್ಕ ದೊಡ್ಡ ಆಶೀರ್ವಾದ ಅದು.

ಕ್ವಾರ್ಟರ್ಸ್ ಸಿಕ್ಕಿ ಒಟ್ಟಿಗೆ ಇರಲು ಶುರು ಮಾಡಿದ್ದು ಮರುವರ್ಷ. ಪತ್ರದಲ್ಲಿ ಅಷ್ಟು ಮಾತಾಡುವ ಮನುಷ್ಯ ಎದುರಿಗೆ ಕೂತರೆ ಮಾತೇ ಇಲ್ಲ! ನಾನು ಮಾತಿನವಳು. ಆ ಮೊದಲ ತಿಂಗಳುಗಳು ನನಗೆ ಯುದ್ಧದ ದಿನಗಳಿಗಿಂತ ಕಷ್ಟ ಆಯಿತು. ಕೊನೆಗೆ ಒಂದು ರಾತ್ರಿ ಅವರೇ ಬಿಳಿ ಹಾಳೆ ತೆಗೆದು, ಹೇಳಬೇಕಾದ್ದನ್ನು ಬರೆದು ನನ್ನ ದಿಂಬಿನ ಹತ್ತಿರ ಇಟ್ಟರು. ಮೂಲೆಯಲ್ಲಿ ನಂಬರು ಸಮೇತ. ಅವತ್ತಿನಿಂದ ದುಡ್ಡಿನ ವಿಷಯ, ಮಕ್ಕಳ ಓದು, ಜಾಗ ಮಾರುವುದು, ಬಾಯಲ್ಲಿ ಹೇಳಿದರೆ ಜಗಳ ಆಗುವಂಥದ್ದನ್ನೆಲ್ಲ ಬರೆದೇ ಹೇಳುತ್ತೇವೆ. ಈಗ ಅವರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ಇನ್ನೂ ಅನುಕೂಲ. ಸದ್ಯಕ್ಕೆ ನಡೆಯುತ್ತಿರುವುದು ಹಿತ್ತಲಿನ ಹಲಸಿನ ಮರದ ವಿಷಯ. ಮನೆ ಮೇಲೆ ಬಾಗಿದೆ, ಕಡಿಸೋಣ ಅಂತ ಅವರು ಬರೆದಿದ್ದಾರೆ. ಗೆಲ್ಲು ಕಡಿದರೆ ಸಾಕು ಅಂತ ನಾನು ಎರಡು ಪುಟ ಬರೆದು ಕೊಟ್ಟಿದ್ದೇನೆ. ಮಳೆಗಾಲದ ಒಳಗೆ ತೀರ್ಮಾನ ಆಗಬೇಕು.